ಸೋವಿಯಾದರೆ ಯಾರೂ ಮುಟ್ಟದ ಗೇಮ್ ಕನ್ಸೋಲ್

ಪುಣೆಯ ಹಿಂಜವಾಡಿಯಲ್ಲಿ ನನ್ನ ಅಣ್ಣನದೊಂದು ಅಂಗಡಿಯಿದೆ. ವಿಡಿಯೋ ಗೇಮ್ ಕನ್ಸೋಲ್‌ಗಳನ್ನು ಮಾರುತ್ತೇವೆ. ರಿಪೇರಿ ಅವನದು, ಗಿರಾಕಿಗಳ ಜೊತೆಗಿನ ಮಾತು ನನ್ನದು.

ಒಂದು ವರ್ಷ ಹೊಸ ಮಾದರಿ ಬಂದಿದ್ದೇ ತಡ, ಹಳೆಯ ಮಾದರಿಯನ್ನು ಕೇಳುವವರೇ ಇಲ್ಲವಾದರು. ಅಣ್ಣ ಬೆಲೆ ಇಳಿಸಿದ. ಆಗಲೂ ಹೋಗದಿದ್ದಾಗ ಮತ್ತೆ ಇಳಿಸಿ, ಬಾಗಿಲಿಗೆ ಮರಾಠಿಯಲ್ಲಿ ದೊಡ್ಡದೊಂದು ಬೋರ್ಡು ಹಾಕಿದ. ಜನ ಓದುತ್ತಿದ್ದರು, ಒಳಗೆ ಬಂದು ಕೇಳುತ್ತಿದ್ದರು, ಹಾಗೇ ಹೋಗುತ್ತಿದ್ದರು. ಬೆಂಗಳೂರಿನ ಕಡೆಯ ಒಬ್ಬ ಇಂಜಿನಿಯರ್ ಅಂತೂ, "ಇದು ಔಟ್‌ಡೇಟೆಡ್ ಅಲ್ವಾ ಮೇಡಂ?" ಎಂದು ಡಬ್ಬಿಯನ್ನು ಮುಟ್ಟಲೂ ಇಲ್ಲ.

ಕಾರಣ ಬಾಯಿಬಿಟ್ಟು ಹೇಳಿದ್ದು ಪುಣೆಯಾಚೆಯ ರಾಂಜಣಗಾಂವದಿಂದ ಗಂಡನ ಜೊತೆ ಬಂದಿದ್ದ ಒಬ್ಬ ಹೆಂಗಸು. ಯಾದಗಿರಿ ಕಡೆಯವರು, ಇಬ್ಬರೂ ಅಲ್ಲಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಆಕೆ ಬೆಲೆ ಕೇಳಿ ಹುಬ್ಬು ಗಂಟಿಕ್ಕಿದಳು.

"ಇಷ್ಟ ಸೋವಿ ಯಾಕ್ರಿ? ಒಳಗ ಏನರ ಕೆಟ್ಟದೇನು?"

"ಏನೂ ಕೆಟ್ಟಿಲ್ರಿ, ಛಲೋ ಅದ" ಎಂದೆ. ಆಕೆ ನಂಬಲಿಲ್ಲ.

ಅವರು ಹೋದ ಮೇಲೆ ನಾನು ಬೋರ್ಡು ಕಿತ್ತು ಒಳಗಿಟ್ಟೆ. "ರೇಟ್ ಏರಸೋಣ" ಎಂದೆ.

"ಹುಚ್ಚ ಹಿಡದದೇನ ನಿನಗ?" ಅಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟ. "ಇಳಿಸಿದ್ರೂ ಹೋಗವಲ್ದು!"

"ಇಳಿಸಿದ್ದಕ್ಕ ಹೋಗವಲ್ದು" ಎಂದೆ. ನನಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸುಮ್ಮನೆ ಏರಿಸಲಿಲ್ಲ. ಪ್ರತಿ ಡಬ್ಬಿಯ ಜೊತೆ ಎರಡನೆಯ ಕಂಟ್ರೋಲರ್, ಕೆಲವು ಆಟಗಳು, ಒಂದು ವರ್ಷ ರಿಪೇರಿ ನಮ್ಮದೇ ಎಂಬ ಭರವಸೆ ಸೇರಿಸಿದೆ. ಗೋಡೆಗೆ ಟಿವಿ ಹಾಕಿಸಿ ಎದುರಿಗೆ ಒಂದು ಬೆಂಚಿಟ್ಟೆ. ಯಾರು ಬೇಕಾದರೂ ಕೂತು ಆಡಬಹುದಿತ್ತು.

ಮುಂದಿನ ರಜೆಗೆ ಅದೇ ದಂಪತಿ ಬಂದರು.

"ಅವತ್ತ ಕಡಿಮಿ ಹೇಳಿದ್ರೆಲ್ಲ?" ಗಂಡ ತಕರಾರು ತೆಗೆದ.

"ಅವತ್ತ ಬರೇ ಮಷೀನ್ ಇತ್ರಿ. ಈಗ ಇಬ್ಬರು ಕೂಡಿ ಆಡಬಹುದು. ಕೆಟ್ರ ನಾವ ಇದ್ದೀವಿ. ಮೊದಲ ಕುಂತ ಆಡ್ರಿ, ಆಮ್ಯಾಲ ಮಾತಾಡೂಣು."

ಕಾರಿನ ರೇಸು ಹಚ್ಚಿಕೊಟ್ಟೆ. ಆತನ ಕಾರು ಗೋಡೆಗೆ ಗುದ್ದಿ ಗಿರಗಿರನೆ ತಿರುಗಿತು. ಆಕೆ ತುಟಿ ಕಚ್ಚಿ, ಮೈಯನ್ನೇ ಎಡಕ್ಕೆ ಬಲಕ್ಕೆ ಹೊರಳಿಸುತ್ತ ಮುಂದೆ ಹೋಗಿ ಗೆದ್ದಳು. ಗೆದ್ದವಳು ಎಷ್ಟು ಜೋರಾಗಿ ನಕ್ಕಳೆಂದರೆ ಪಕ್ಕದ ಚಹಾದಂಗಡಿಯವರು ಇಣುಕಿ ನೋಡಿದರು.

"ಇನ್ನೊಮ್ಮಿ" ಎಂದ ಗಂಡ. ಮತ್ತೆ ಸೋತ.

ಆತ ಚೌಕಾಸಿ ಮಾಡಿದ, ನಾನು ಬಗ್ಗಲಿಲ್ಲ. "ತಗೋರಿ, ಮನ್ಯಾಗ ಕಲಿತು ನನ್ನ ಸೋಲಸ್ರಿ" ಎಂದು ಹೆಂಡತಿಯೇ ಡಬ್ಬಿಯನ್ನು ಎದೆಗವಚಿಕೊಂಡಳು.

ದೀಪಾವಳಿಯ ಹೊತ್ತಿಗೆ ಹಳೆಯ ಮಾಲೆಲ್ಲ ಖಾಲಿಯಾಯಿತು. ಆ ಇಂಜಿನಿಯರ್ ಕೂಡ ತನ್ನ ರೂಮಿನ ಗೆಳೆಯರೊಂದಿಗೆ ಬಂದು ಆಡಿ, ಒಂದನ್ನು ಒಯ್ದ.

ಚಳಿ ಶುರುವಾದಾಗ ಆಕೆ ಮತ್ತೆ ಬಂದಳು, ಈ ಸಲ ಒಬ್ಬಳೇ.

"ಬ್ಯಾರೆ ರೇಸ್ ಕೊಡ್ರಿ. ಇದರಾಗಿನ ರಸ್ತೆ ಎಲ್ಲಾ ಬಾಯಿಪಾಠ ಆಗ್ಯಾವ."

ಹೊಸದೊಂದನ್ನು ತೆಗೆದು ಬೆಲೆ ಹೇಳಿದೆ. ಆಕೆ ಬೆಲೆಯ ಮಾತೇ ಎತ್ತದೆ, ಅದರಲ್ಲಿ ಘಟ್ಟದ ರಸ್ತೆ ಇದೆಯೋ ಇಲ್ಲವೋ ಎಂದಷ್ಟೇ ಕೇಳಿದಳು.