ಕಾಖಂಡಕಿಯ ಹುಳ, ಸುಣ್ಣ ಸಮೇತ

ಹುಳದ ಹಿಂಭಾಗ ನೋಡಿ ಹೊಟ್ಟೆ ಹೊರೆಯುವವಳು ನಾನು. ಇದನ್ನು ಮೊದಲು ಕಂಡುಹಿಡಿದವರು ನನ್ನ ಅತ್ತೆ. ವಿಜಯಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಸೊಸೆ ರವಿವಾರವೂ ಅಡುಗೆಮನೆಯ ಕಿಟಕಿಯ ಬೆಳಕಿಗೆ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತಿದ್ದನ್ನು ಕಂಡು, ಅದೇನು ನೋಡುತ್ತೀ ಎಂದು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು, "ಯಪ್ಪಾ! ಹುಳದ ಕುಂಡಿ ನೋಡಾಕ ಪಗಾರ ಕೊಡ್ತಾರೇನ?" ಎಂದರು. ಗೋಳಗುಮ್ಮಟದ ಹಿಂದಿನ ನಮ್ಮ ಓಣಿಯಲ್ಲಿ ನನ್ನ ಸಂಶೋಧನೆಗೆ ಮುಂದೆ ಬೇರೆ ಪ್ರಚಾರ ಬೇಕಾಗಲಿಲ್ಲ.

ತಪ್ಪು ನನ್ನದಲ್ಲ, ಕ್ಯಾಡಿಸ್ ನೊಣದ್ದು. ನೋಡಲು ಅದು ಬಡಪಾಯಿ ಪತಂಗ, ರೆಕ್ಕೆಯ ಮೇಲೆ ಪುಡಿಯ ಬದಲು ಸಣ್ಣ ಕೂದಲು. ಒಂದು ಜಾತಿಗೂ ಇನ್ನೊಂದಕ್ಕೂ ವ್ಯತ್ಯಾಸ ಹುಡುಕಬೇಕೆಂದರೆ ಗಂಡಿನ ಬಾಲದ ತುದಿಯನ್ನು ಕ್ಷಾರದಲ್ಲಿ ನೆನೆಸಿ, ಅಲ್ಲಿರುವ ಕೊಕ್ಕೆಗಳ ಆಕಾರ ನೋಡಲೇಬೇಕು. ಮುಖ ನೋಡಿ ಗುರುತು ಹಿಡಿಯುವ ಸೌಜನ್ಯ ಈ ಶಾಸ್ತ್ರದಲ್ಲಿಲ್ಲ. ಇದರ ಮರಿ ಮಾತ್ರ ನೋಡುವಂಥದ್ದು. ನೀರಿನಲ್ಲಿ ಇರುತ್ತದೆ. ಬಾಯಿಂದ ರೇಷ್ಮೆಯೆಳೆ ತೆಗೆದು, ಕೈಗೆ ಸಿಕ್ಕ ಮರಳಿನ ಕಣಗಳನ್ನು ಅಂಟಿಸಿ, ಅಂಗಿಯ ತೋಳಿನಂಥ ಮನೆ ಕಟ್ಟಿಕೊಂಡು, ಅದನ್ನು ಎಳೆದುಕೊಂಡೇ ಓಡಾಡುತ್ತದೆ. ಬಾಡಿಗೆ ಮನೆಯಲ್ಲಿ ಅರ್ಧ ಆಯುಷ್ಯ ಕಳೆದ ನನಗೆ ಈ ಪ್ರಾಣಿಯ ಮೇಲೆ ಗೌರವ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಬಬಲೇಶ್ವರ ದಾಟಿ ಕಾಖಂಡಕಿಯ ಕಡೆಗೆ ಹೋದರೆ ಒಂದು ತೋಟದ ವಸ್ತಿ ಸಿಗುತ್ತದೆ. ಅಲ್ಲಿ ಕರಿಕಲ್ಲಿನ ಬಿರುಕಿನಿಂದ ಸಣ್ಣ ಸೆಲೆಯೊಂದು ಕಲ್ಲುಕಾಲುವೆಗುಂಟ ಹರಿದು ಮೆಟ್ಟಿಲ ಬಾವಿಗೆ ಬೀಳುತ್ತದೆ. ಒಂದು ಸಂಜೆ ಅಲ್ಲಿ ಹುಳ ಹಿಡಿಯಲು ಬಿಳಿ ಧೋತರ ಕಟ್ಟಿ, ಮುಂದೆ ದೀಪ ಇಟ್ಟಾಗ ಬಂದು ಕೂತದ್ದು ಒಂದೇ ಒಂದು ಗಂಡು. ಅದರ ಕೊಕ್ಕೆ ನನಗೆ ಸಿಕ್ಕ ಯಾವ ಚಿತ್ರಕ್ಕೂ ಹೊಂದಲಿಲ್ಲ. ಹೊಸ ಜಾತಿ! ಖುಷಿಗೆ ಆ ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಹೊಸ ಹುಳಕ್ಕೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಅಸಭ್ಯ, ದೊಡ್ಡವರ ಹೆಸರಿಡುವುದು ರೂಢಿ. ರಾಜಧಾನಿಯ ಹಿರಿಯ ವಿಜ್ಞಾನಿಯೊಬ್ಬರ ಹೆಸರಿಟ್ಟರೆ ಲೇಖನ ಸಲೀಸಾಗಿ ಸಾಗುತ್ತದೆಂದು ಗೆಳತಿ ಕಿವಿಮಾತು ಹೇಳಿದಳು. ಆ ಹಿರಿಯರು ಈ ಜಿಲ್ಲೆಯ ನೀರು ಕುಡಿದವರಲ್ಲ. ನಾನು ಕಾಖಂಡಕಿಗೇ ಲ್ಯಾಟಿನ್ನಿನ ಬಾಲ ಹಚ್ಚಿ ಪತ್ರಿಕೆಗೆ ಕಳಿಸಿದೆ.

ಲೇಖನ ಪರಿಶೀಲಿಸಿದ ಮಹನೀಯರ ಉತ್ತರ ಬಂತು. ಅಂಥ ಒಣ ಪ್ರದೇಶದಲ್ಲಿ ಈ ಗುಂಪಿನ ಕೀಟ ಇರುವುದು ಸಂಶಯಾಸ್ಪದ, ಬೇರೆ ಕಡೆಯ ಮಾದರಿ ಅಲ್ಲಿಯದೆಂದು ಅದಲುಬದಲಾಗಿರಬಹುದು, ಅದೇ ಜಾಗದ ಇನ್ನೊಂದು ಗಂಡನ್ನು ತೋರಿಸದಿದ್ದರೆ ಒಪ್ಪಲಾಗದು. ಒಂದೇ ಮಾದರಿ ಸಾಲದೆಂಬುದು ನ್ಯಾಯವೇ. ಆದರೆ 'ಅಂಥ ಒಣ ಪ್ರದೇಶ' ಎಂಬ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಪಾಲಿಗೆ ಬಿಸಿಲು, ಕಟಕ ರೊಟ್ಟಿ, ಹಳೇ ಗುಮ್ಮಟ ಇಷ್ಟೇ ಬರೆದಿದೆಯೇ? ನೀರಿನ ಹುಳ ಸಾಕುವ ಯೋಗ್ಯತೆಯೂ ನಮಗಿಲ್ಲವೇ? ಇನ್ನೊಂದು ಗಂಡು ಸಿಗದಿದ್ದರೆ ನನ್ನ ಹುಳ ಹೆಸರಿಲ್ಲದೆ ಉಳಿಯುತ್ತದೆ. ಅದನ್ನು ಆಗಗೊಡಬಾರದೆಂದು ಹಟ ಹಿಡಿದೆ.

ವಸ್ತಿಯ ಗಂಗವ್ವನಿಗೆ ಫೋನು ಮಾಡಿದೆ. ಬಾವಿಯ ಪಕ್ಕದ ಹೊಲ ಅವಳದು, ಬಾಯಿ ಅವಳದು, ಆಚೀಚೆ ಮನೆಗಳ ಯಜಮಾನಿಕೆಯೂ ಅವಳದೇ. ಬರುವ ವಾರ ಬರುತ್ತೇನೆ, ಹುಳ ಸಿಕ್ಕರೆ ನಿಮ್ಮೂರ ಹೆಸರು ದೇಶವಿದೇಶದ ಪುಸ್ತಕ ಸೇರುತ್ತದೆ, ವಿಜ್ಞಾನಿಗಳು ನೋಡಲು ಬಂದರೂ ಬಂದಾರು ಎಂದು ಸ್ವಲ್ಪ ಉಬ್ಬಿಸಿಯೇ ಹೇಳಿದೆ.

ಹೋಗಿ ನೋಡಿದರೆ ಬಾವಿ ಮದುವಣಗಿತ್ತಿಯಾಗಿ ನಿಂತಿತ್ತು. ಪಾಚಿಯ ಗುರುತಿಲ್ಲ. ಮೆಟ್ಟಿಲು ತಿಕ್ಕಿ ತೊಳೆದಿದ್ದರು, ಕಲ್ಲುಕಾಲುವೆ ಕೆರೆದಿದ್ದರು, ಸೆಲೆಯ ಸುತ್ತಲ ಬಂಡೆಗೆ ಕೈ ಎಟಕುವವರೆಗೂ ಸುಣ್ಣ ಬಳಿದಿದ್ದರು. ನೀರಿಗೆ ಬ್ಲೀಚಿಂಗ್ ಪುಡಿ ಸುರಿದ ವಾಸನೆ ಮೂಗಿಗೆ ಬಡಿಯಿತು. ಯುಗಾದಿಗೆ ಬಾವಿ ತೊಳೆಯುವುದು ಅಲ್ಲಿಯ ಪದ್ಧತಿ. ನನ್ನ ಮರ್ಯಾದೆಗಾಗಿ ಅದನ್ನು ಮುಂಚೆಯೇ, ನಾನು ಫೋನು ಮಾಡಿದ ಮರುದಿನವೇ, ಮುಗಿಸಿಬಿಟ್ಟಿದ್ದರು.

"ಗಂಗವ್ವಾ, ಹುಳಾ?" ಎಂದೆ.

"ಒಂದೂ ಬಿಟ್ಟಿಲ್ರಿ ಅಕ್ಕಾರ! ಹೊರಗಿನ ಮಂದಿ ನೋಡಾಕ ಬರ್ತಾರ ಅಂದ್ರಿ. ಬಾವ್ಯಾಗ ಹುಳಾ ಇದ್ರ ನಮ್ಮ ಊರಿನ ಮಾನ ಉಳೀತದೇನ್ರಿ?"

ನನಗೆ ಅಳು ಬಂತು. ಬೈಯೋಣವೆಂದರೆ ಅವಳ ಹಿಂದೆ ನಾಲ್ಕಾರು ಹೆಂಗಸರು, ಕೈಗೆ ಇನ್ನೂ ಸುಣ್ಣದ ಕಲೆ, ನಾನು ಶಾಬಾಸ್ ಅನ್ನಲೆಂದು ಕಾಯುತ್ತ ನಿಂತಿದ್ದರು. ಅಂದೆ. ಚಹಾ ಕುಡಿದೆ. ಆಮೇಲೆ ಸೀರೆ ಎತ್ತಿ ಕಟ್ಟಿಕೊಂಡು ಬಂಡೆ ಹತ್ತಿದೆ. ಪುಡಿ ಬಿದ್ದದ್ದು ಬಾವಿಗೆ, ಸೆಲೆ ಇರುವುದು ಮೇಲೆ. ನೀರು ಕೆಳಗೆ ಹರಿಯುತ್ತದೆ ಎಂಬ ಭೌತಶಾಸ್ತ್ರದ ಮೇಲೆ ಭಾರ ಹಾಕಿ ಬಿರುಕಿನೊಳಗೆ ಬೆರಳು ತೂರಿಸಿದೆ. ಹೊರಬಂದ ಕಲ್ಲಿನ ಚೂರಿಗೆ ಕೆಲವು ಮರಿಹುಳಗಳು ಅಂಟಿಕೊಂಡಿದ್ದವು. ಪ್ರತಿಯೊಂದರ ಮನೆಯೂ ಹಿಂದೆಲ್ಲ ಕಪ್ಪು ಮರಳು, ಬಾಯಿಯ ಹತ್ತಿರ ಮಾತ್ರ ಹೊಸದಾಗಿ ಕೂಡಿಸಿದ ಬಿಳಿ ಚೂರುಗಳು. ಮೇಲಿನಿಂದ ಉದುರಿದ ಸುಣ್ಣದ ಚಕ್ಕೆಗಳನ್ನೇ ಆರಿಸಿಕೊಂಡು ಮನೆ ಬೆಳೆಸಿದ್ದವು. ಹಟಮಾರಿ ಪ್ರಾಣಿ ನಾನೊಬ್ಬಳೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ.

ಹುಳಗಳು ನಮ್ಮ ಅಡುಗೆಮನೆಯ ಬೋಗುಣಿಯಲ್ಲಿ ಬೆಳೆದವು. ಒಂದು ಮುಂಜಾನೆ ಗಂಡೊಂದು ರೆಕ್ಕೆ ಬಿಚ್ಚಿ ಬೋಗುಣಿಗೆ ಕಟ್ಟಿದ ಪರದೆಯ ಮೇಲೆ ಕೂತಿತ್ತು. ಕೊಕ್ಕೆ ಥೇಟು ಅದೇ. ಅತ್ತೆಯೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. "ಎರಡೂ ಒಂದ ನಮೂನಿ ಅದಾವ ಬೇ. ಆ ಮನಿಷಾಗ ಬರದು ಕಳಸು, ನಮ್ಮತ್ತಿನೂ ನೋಡ್ಯಾಳ ಅಂತ" ಎಂದರು.

ಎರಡನೆಯ ಗಂಡಿನ ಜೊತೆಗೆ ಮರಿಯ ಮನೆಯನ್ನೂ, ಸುಣ್ಣದ ಚೂರು ಸಮೇತ, ವರ್ಣಿಸಿ ಕಳಿಸಿದೆ. ಈಗ ಮಹನೀಯರು ಹುಳವನ್ನು ಒಪ್ಪಿದ್ದಾರೆ, ಮರಿಯ ಮನೆಯನ್ನು ಒಪ್ಪಿಲ್ಲ. ಸುಣ್ಣ ಸ್ವಾಭಾವಿಕ ವಸ್ತುವಲ್ಲ, ವರ್ಣನೆಯಿಂದ ಅದನ್ನು ತೆಗೆದು, ಮನುಷ್ಯರ ಕೈ ತಾಗದ ಜಾಗದ ಮಾದರಿಯನ್ನು ವರ್ಣಿಸಬೇಕಂತೆ, ಇಲ್ಲವೆಂದರೆ ಪ್ರಕಟಣೆ ಕಷ್ಟವಂತೆ. ನಾನು ಪತ್ರಿಕೆಯ ಸಂಪಾದಕರಿಗೆ ಬರೆದೆ: ಸ್ವಾಮಿ, ನಾನು ನೋಡಿದ ಮಟ್ಟಿಗೆ ಇಲ್ಲಿ ಕೈ ತಾಗದ ನೀರಿಲ್ಲ. ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ಪಟ್ಟಣಕ್ಕೆ ನೀರು ತಂದ ಊರು ಇದು. ತಿಕೋಟಾದ ದ್ರಾಕ್ಷಿಗೂ ನೀರು ತಾನಾಗಿ ನಡೆದು ಬಂದಿಲ್ಲ. ಈ ಸೆಲೆಯ ಬಾಯಿಯನ್ನೂ ಯಾರೋ ಉಳಿಯಿಂದ ಬಿಡಿಸಿದ್ದಾರೆ, ವರ್ಷವರ್ಷ ಯಾರೋ ಹೂಳು ತೆಗೆಯುತ್ತಾರೆ. ಅವರು ಕೈ ತೆಗೆದರೆ ನೀರು ನಿಲ್ಲುತ್ತದೆ, ಆಗ ತಾವು ವರ್ಣಿಸಲು ಒಣಕಲ್ಲು ಉಳಿಯುತ್ತದೆ. ಆದ್ದರಿಂದ ಸುಣ್ಣ ತೆಗೆಯುವುದಿಲ್ಲ. ಬೇಕಾದರೆ ನನ್ನ ಹೆಸರು ತೆಗೆಯಿರಿ.

ಕಳಿಸಿದ ಮೇಲೆ ಅದನ್ನು ನಾಲ್ಕು ಸಲ ಓದಿದೆ, ಸುಳ್ಳೇಕೆ ಹೇಳಲಿ. ಧೈರ್ಯಕ್ಕೆಂದು ಗಂಗವ್ವನಿಗೆ ಫೋನು ಮಾಡಿ ಸಂಗತಿಯನ್ನೆಲ್ಲ ಹೇಳಿದೆ, ಪುಡಿ ಮಾತ್ರ ಇನ್ನು ಹಾಕಬೇಡ ಎಂದೂ ಬೇಡಿಕೊಂಡೆ. ಪುಡಿಗೆ ಅವಳು ಒಪ್ಪಿದಳು. ಸುಣ್ಣದ ಮಾತಿಗೆ ಕೆರಳಿದಳು.

"ನಮ್ಮ ಬಾವಿಗಿ ನಾವು ಸುಣ್ಣಾ ಹಚ್ಚಿದ್ರ ಅವ್ರಿಗೇನ್ರಿ? ಮುಂದಿನ ವರ್ಷ ನೀಲಿ ಕಲಸಿ ಹಚ್ಚತೀವಿ, ಅದನ್ನೂ ಬರಕೊಳ್ಳಾಕ ಹೇಳ್ರಿ!"

ಮತ್ತೆ ಕೂತು ಸಂಪಾದಕರಿಗೆ ಇನ್ನೊಂದು ಸಾಲು ಬರೆದೆ: ಮರಿಯ ಮನೆಯ ಬಣ್ಣ ಮುಂದಿನ ವರ್ಷ ಬದಲಾಗುವ ಸಂಭವವಿದೆ.