ಸೂಟ್‌ಕೇಸಿನ ಐದು ಕೆಜಿ

ಮೊನ್ನೆ ಹುಣಸೆಹಣ್ಣು ಹಾಕಿ ಹಿತ್ತಾಳೆ ಚೊಂಬು ಉಜ್ಜುತ್ತಿದ್ದೆ. ಹುಳಿಯೂ ಹಿತ್ತಾಳೆಯೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತಕ್ಕಡಿ ಸಾಬ್ರ ಅಂಗಡಿ ಕಣ್ಣ ಮುಂದೆ ಬಂದು ನಿಂತಿತು...

ಮಂಡ್ಯದಲ್ಲಿ ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ ಅವರ ಮನೆ. ಮುಂದಿನ ಕೋಣೆಯೇ ಅಂಗಡಿ. ಮದ್ದೂರು, ಮಳವಳ್ಳಿ ಸಂತೆಯ ವ್ಯಾಪಾರಿಗಳು ಕೆಟ್ಟ ತಕ್ಕಡಿ ಹೊತ್ತು ಅಲ್ಲಿಗೇ ಬರುತ್ತಿದ್ದರು. ಸಾಬ್ರು ತಟ್ಟೆಗಳನ್ನು ಹುಣಸೆಹಣ್ಣಿನಿಂದ ಉಜ್ಜಿ ಹೊಳೆಯಿಸುತ್ತಿದ್ದರು. ತೂಕದ ಬಟ್ಟುಗಳನ್ನು ಮಾತ್ರ ಯಾರಿಗೂ ಉಜ್ಜಲು ಬಿಡುತ್ತಿರಲಿಲ್ಲ. "ಉಜ್ಜಿದ್ರೆ ಸವೀತದೆ ಕಣವ್ವ, ಆಮ್ಯಾಕೆ ಊರೇ ಸುಳ್ಳು ತೂಗ್ತದೆ" ಎನ್ನುತ್ತಿದ್ದರು.

ನಾನು ಏಳನೇ ಕ್ಲಾಸಿಗೆ ಓದು ಬಿಟ್ಟು ಬೆಲ್ಲದ ಮಂಡಿಯ ಕೆಲಸಕ್ಕೆ ಸೇರಿದವಳು. ತಂಗಿ ನರ್ಸಿಂಗ್ ಓದಿದಳು. ಏಳು ವರ್ಷದ ಹಿಂದೆ ಅವಳಿಗೆ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ವಿಮಾನದವರು ಒಂದೇ ಸೂಟ್‌ಕೇಸು ಬಿಡುತ್ತಾರೆ, ಇಪ್ಪತ್ಮೂರು ಕೆಜಿ, ಅಂದಳು. "ಅಕ್ಕ, ತೂಕದ ವಿಚಾರ ನಿಂಗೇ ಗೊತ್ತಿರೋದು. ನೀನೇ ನೋಡ್ಕೊ." ಅಷ್ಟು ಓದಿದವಳು ನನ್ನನ್ನು ಒಂದು ವಿಷಯ ಕೇಳಿದ್ದು ಅದೇ ಮೊದಲು. ನನಗೆ ಕೊಂಬು ಬಂತು.

ತುಂಬಿದ ಸೂಟ್‌ಕೇಸನ್ನು ನಾನೊಬ್ಬಳೇ ಸಾಬ್ರ ಅಂಗಡಿಗೆ ಒಯ್ದೆ. ಅವರ ತಕ್ಕಡಿ ಇಪ್ಪತ್ತೆಂಟು ತೋರಿಸಿತು. ಮಂಡಿಯಲ್ಲಿ ಬೆಲ್ಲ ತೂಗಿದ ಮೇಲೆ ಖಾಲಿ ಚೀಲದ ತೂಕ ಕಳೆಯುತ್ತೇವೆ. ಬೆಲ್ಲ ಲೆಕ್ಕಕ್ಕೆ, ಚೀಲ ಲೆಕ್ಕಕ್ಕಿಲ್ಲ. ಅದನ್ನೇ ನಂಬಿಕೊಂಡು, "ಸೂಟ್‌ಕೇಸಿಂದು ಐದು ಕಳೀರಿ, ಸರಿಯಾಯ್ತದೆ" ಅಂದೆ.

"ಅವರು ಕಳೀತಾರೋ ಇಲ್ವೋ, ಒಂದ್ ಮಾತು ಕೇಳವ್ವ."

"ಬುಡಿ ಸಾಬ್ರೇ, ದಿನಾ ತೂಗೋಳು ನಾನು."

ಸಾಬ್ರು ಸೂಟ್‌ಕೇಸನ್ನು ತಕ್ಕಡಿಯಿಂದ ಇಳಿಸಿಕೊಟ್ಟರು. ಆದರೆ ಹೊರಡುವ ಬೆಳಿಗ್ಗೆ ತಾವೂ ಕಾರು ಹತ್ತಿದರು. "ವಿಮಾನದೋರ ತಕ್ಕಡಿ ಎಂಗದೆ ನೋಡ್ಬೇಕು ಕಣವ್ವ" ಅಂದರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಲ್ಲದವರನ್ನು ಒಳಗೆ ಬಿಡಲಿಲ್ಲ. ಪಾಪ, ಸಾಬ್ರು ಗಾಜಿಗೆ ಹಣೆ ಒತ್ತಿ ಇಣುಕುತ್ತಾ ನಿಂತರು.

ಅರ್ಧ ಗಂಟೆಯಲ್ಲಿ ತಂಗಿ ಕಾವಲಿನವನನ್ನು ಕಾಡಿ ಬೇಡಿ, ಸೂಟ್‌ಕೇಸು ತಳ್ಳಿಕೊಂಡು ಬಾಗಿಲಿಗೆ ಓಡಿಬಂದಳು. ಕಣ್ಣಲ್ಲಿ ನೀರು. "ಇಪ್ಪತ್ತೆಂಟು ಅಂತೆ ಕಣಕ್ಕ! ಐದು ಕೆಜಿ ಜಾಸ್ತಿ! ಕೌಂಟರ್ ಮುಚ್ಚೋಕೆ ಕಾಲು ಗಂಟೆ ಅದೆ. ಎಂಗಾಯ್ತು ಇದು?"

ಅವಳ ಮುಖ ನೋಡಿದೆ. ತಪ್ಪು ನನ್ನದೆಂದು ಒಪ್ಪಿಕೊಳ್ಳಬೇಕಿತ್ತು. "ಸಾಬ್ರ ತಕ್ಕಡಿ ಇಪ್ಪತ್ಮೂರೇ ತೋರ್ಸಿತ್ತು" ಅಂದುಬಿಟ್ಟೆ.

ಪಕ್ಕದಲ್ಲೇ ಇದ್ದರು ಅವರು. ಒಂದು ಸಲ ನನ್ನ ಕಡೆ ತಿರುಗಿದರು. ಬಯ್ಯುತ್ತಾರೆ ಅಂದುಕೊಂಡೆ... "ಬಿಚ್ಚವ್ವ ಪೆಟ್ಟಿಗೆ" ಎಂದು ತಂಗಿಗೆ ಹೇಳಿ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತರು.

ತಕ್ಕಡಿ ಇಲ್ಲ, ಬಟ್ಟು ಇಲ್ಲ. ಒಂದೊಂದನ್ನೇ ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, ಎರಡು ಸಲ ಮೇಲೆ ಕೆಳಗೆ ಆಡಿಸಿದರು. ರಾಗಿಹಿಟ್ಟು, ಎರಡು ಕೆಜಿ; ಹೊರಗೆ. ನಾನು ತುರುಕಿದ್ದ ಕಲ್ಲಿನ ಕುಟ್ಟಾಣಿ, ಒಂದೂಮುಕ್ಕಾಲು; ಅದೂ ಹೊರಗೆ. "ಅಲ್ಲಿ ಕಲ್ಲಿಗೆ ಬರವಾ?" ಅಂದರು. ಅಳುತ್ತಿದ್ದ ತಂಗಿ ನಕ್ಕುಬಿಟ್ಟಳು. ಅವಳ ಪುಸ್ತಕಗಳನ್ನು ಕೈಗೆತ್ತಿಕೊಂಡು, ಹಾಗೇ ಒಳಗಿಟ್ಟರು. ಚಪ್ಪಲಿ ತೆಗೆದರು, ಹುರುಳಿಕಾಳು ತೆಗೆದರು. ಕೊನೆಗೆ ಬೆಲ್ಲದ ಅಚ್ಚು ಎರಡನ್ನು ತೆಗೆದು, ಒಂದನ್ನು ವಾಪಸ್ ಇಟ್ಟರು. "ಓಗವ್ವ. ಓಡು."

ಹತ್ತು ನಿಮಿಷಕ್ಕೆ ನನ್ನ ಫೋನು ಕೂಗಿತು. ತಂಗಿ ಅಲ್ಲಿಂದ ಕಿರುಚುತ್ತಿದ್ದಳು. "ಇಪ್ಪತ್ತೆರಡು ಪಾಯಿಂಟ್ ಒಂಬತ್ತು ಕಣಕ್ಕ! ಓಯ್ತಾ ಇವ್ನಿ ನಾನು!"

ನಾನು ಅಲ್ಲೇ, ಅಷ್ಟು ಜನರ ನಡುವೆ, ಹುಚ್ಚಿಯ ಹಾಗೆ ಕುಣಿದೆ. ಸಾಬ್ರು ಮಾತ್ರ ಮುಖ ಸಿಂಡರಿಸಿದರು. "ನೂರು ಗ್ರಾಮು ಯಾಕೆ ಬುಟ್ಟೆ ನಾನು? ಒಂದು ಪೊಟ್ಟಣ ಚಟ್ನಿಪುಡಿ ಓಗೋದು!" ಆಮೇಲೆ ತಾವೂ ಜೋರಾಗಿ ನಕ್ಕರು.

ಹಿಂದಿರುಗುವಾಗ ಮದ್ದೂರು ದಾಟುವವರೆಗೂ ನಾನು ತಲೆ ಎತ್ತಲಿಲ್ಲ. ಅವರೇ ಬಾಯಿಬಿಟ್ಟರು. "ಚೀಲದ ತೂಕ ಕಳ್ಯೋದು ಮಂಡಿ ನ್ಯಾಯ ಕಣವ್ವ. ವಿಮಾನದೋರ್ಗೆ ನ್ಯಾಯ ಗೊತ್ತಿಲ್ಲ, ಅಷ್ಟೇಯ." ಆಗಲೂ ನಾನು ಕ್ಷಮೆ ಕೇಳಲಿಲ್ಲ. ಇವತ್ತು, ನಾಳೆ... ಹೋದ ವರ್ಷ ಅವರು ತೀರಿಕೊಂಡರು.

ತಂಗಿ ಅಲ್ಲಿ ಚೆನ್ನಾಗಿ ನೆಲೆಯೂರಿದ್ದಾಳೆ. ನಮ್ಮೂರ ತಕ್ಕಡಿ ರಿಪೇರಿಯವರ ತಕ್ಕಡಿಯೇ ಐದು ಕೆಜಿ ಸುಳ್ಳು ಎಂದು ಗೆಳತಿಯರಿಗೆ ಹೇಳಿ ನಗುವುದು ಅವಳಿಗೆ ರೂಢಿಯಾಗಿತ್ತು. ಚೊಂಬು ಉಜ್ಜಿದ ದಿನವೇ ಅವಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. "ಏಳು ವರ್ಸದಿಂದ ನನ್ ಬಾಯಲ್ಲಿ ಸುಳ್ಳು ಯೋಳ್ಸಿದ್ದೀಯಲ್ಲೇ ಅಕ್ಕ! ಭಾನುವಾರ ಎಲ್ರುನೂ ಕರೀತೀನಿ. ನೀನೇ ಯೋಳು" ಅಂದಳು.

ಹೇಳಿದೆ. ಫೋನಿನೊಳಗೆ ಐದಾರು ಜನ ಕನ್ನಡದ ನರ್ಸುಗಳು ಒತ್ತೊತ್ತಾಗಿ ಕೂತು ಕೇಳಿದರು. ತಪ್ಪು ನನ್ನದು, ಸಾಬ್ರ ತಕ್ಕಡಿ ಒಂದು ಗ್ರಾಮೂ ಸುಳ್ಳಾಡಲಿಲ್ಲ, ಅವತ್ತು ಅವರ ಬರಿಗೈಯೂ ಸುಳ್ಳಾಡಲಿಲ್ಲ ಎಂದೆ. ಇಪ್ಪತ್ತೆರಡು ಪಾಯಿಂಟ್ ಒಂಬತ್ತು ಅಂದ ಕೂಡಲೇ ಒಬ್ಬಳು ಸಿಳ್ಳೆ ಹಾಕಿದಳು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ಅಷ್ಟು ದೂರದಿಂದ ನಮ್ಮ ಮನೆಯವರೆಗೆ ಬಂತು. ಸಾಬ್ರ ಅಂಗಡಿಗೆ ಇನ್ನು ನಾಲ್ಕೇ ಬಾಗಿಲು ದಾಟಬೇಕಿತ್ತು. ಅಲ್ಲಿ ಈಗ ಬೇರೆಯವರಿದ್ದಾರೆ.