ಒಂದು ಗೇಟಿಗೆ ಇಬ್ಬರು

ನನಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಾಗ ರಿಪ್ಪನ್‌ಪೇಟೆಯ ನಮ್ಮ ಕೇರಿಯವರೆಲ್ಲ ನಾನು ಕೌಂಟರಿನಲ್ಲಿ ಕೂತು ಟಿಕೆಟ್ ಕೊಡುತ್ತೇನೆ ಎಂದುಕೊಂಡಿದ್ದರು. ನಾನು ಸೇರಿದ್ದು ಹಳಿ ನೋಡಿಕೊಳ್ಳುವ ಗ್ಯಾಂಗಿಗೆ. ಸಾಗರದ ಆಚೀಚೆ ಹಳಿಯಡಿ ಜಲ್ಲಿ ತುಂಬುತ್ತ, ಸಡಿಲಾದ ಬೋಲ್ಟು ಬಿಗಿಯುತ್ತ ಮೂರು ವರ್ಷ ಕಳೆದೆ. ಆಮೇಲೆ ಗ್ಯಾಂಗಿನ ಮೂವರು ಹೆಂಗಸರನ್ನು ಊರಾಚೆಯ ಒಂದು ಗೇಟಿಗೆ ಪಾಳಿಯ ಮೇಲೆ ಹಾಕಿದರು. ರೈಲು ಬರುವ ಮೊದಲು ಹ್ಯಾಂಡಲ್ ತಿರುಗಿಸಿ ಗೇಟು ಹಾಕುವುದು, ಹಸಿರು ಬಾವುಟ ಹಿಡಿದು ನಿಲ್ಲುವುದು, ರೈಲು ದಾಟಿದ ಮೇಲೆ ಗೇಟು ಎತ್ತುವುದು. ಜಲ್ಲಿ ಹೊತ್ತ ಬೆನ್ನಿಗೆ ಅದು ಸ್ವರ್ಗವೇ.

ಅಷ್ಟರಲ್ಲಿ, ಗೇಟು ಹಾಕದೆ ರೈಲಿಗೆ ಸಿಗ್ನಲ್ ಸಿಗದ ಹಾಗೆ, ಗೇಟನ್ನು ಸಿಗ್ನಲ್ಲಿಗೆ ಜೋಡಿಸಿದರು. ಸ್ಟೇಷನ್ನಿನಿಂದ ನೇರ ಫೋನೂ ಬಂತು. ಸ್ಟೇಷನ್ ಕಡೆಯ ಕೆಲಸಗಾರರು, "ಸಿಗ್ನಲ್ ಬಂತು ಅಂದ್ರೆ ಗೇಟು ನಮ್ದು. ಗ್ಯಾಂಗಿನವ್ರು ಹಳಿ ನೋಡ್ಕೊಳ್ಳಿ" ಎಂದರು. ನಮ್ಮವರು, "ಇಷ್ಟು ವರ್ಷ ಕಾದೋರು ನಾವು, ಯಾರಪ್ಪ ಬಂದ್ರೂ ಬಿಡಲ್ಲ" ಎಂದರು. ಎರಡೂ ಕಡೆಯವರು ಸ್ಟೇಷನ್ ಎದುರು ಘೋಷಣೆ ಕೂಗಿದರು. ನಾನೂ ಗಂಟಲು ಕಟ್ಟುವಷ್ಟು ಕೂಗಿದೆ.

ಕೊನೆಗೆ ಮೇಲಿನಿಂದ ಒಂದು ಪತ್ರ ಬಂತು. ತೀರ್ಮಾನವಾಗುವವರೆಗೆ ಫೋನು ಸ್ಟೇಷನ್ನಿನವರದು, ಹ್ಯಾಂಡಲ್ಲು ಗ್ಯಾಂಗಿನವರದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಚ್ಚುವಂತಿಲ್ಲ.

ಹಾಗೆ ಸ್ಟೇಷನ್ನಿನಿಂದ ನನ್ನ ಪಾಳಿಗೆ ಬಂದವರು ತೀರ್ಥಹಳ್ಳಿ ಕಡೆಯವರು, ರೈಲಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು, ದಪ್ಪ ಮೀಸೆ, ಕೆಮ್ಮಿದರೂ ಗದರಿದಂತೆ ಕೇಳುವ ದನಿ. ಗುಡಿಸಲಷ್ಟು ಅಗಲದ ಆ ಗೇಟ್ ಮನೆಯಲ್ಲಿ ಅವರು ಫೋನಿನ ಪಕ್ಕ, ನಾನು ಬಾಗಿಲ ಪಕ್ಕ. ಮೊದಲ ದಿನ ಅವರು ನನಗೆ ಬೆನ್ನು ಹಾಕಿ ಕೂತರು, ನಾನು ಅವರಿಗೆ ಬೆನ್ನು ಹಾಕಿ ಕೂತೆ.

ಫೋನು ಬಂತು. ಅವರು ಎತ್ತಿ ಮಾತಾಡಿ, ನನ್ನ ಕಡೆ ನೋಡದೆ, ಗೋಡೆಗೆ ಹೇಳಿದಂತೆ, "ಗೇಟು ಹಾಕ್ಬೇಕಂತೆ" ಎಂದರು. ನಾನೂ ಹ್ಯಾಂಡಲ್ ತಿರುಗಿಸಿ ಬಂದು ಗೋಡೆಗೇ "ಹಾಕಿದೆ" ಎಂದೆ. ರೈಲಿನ ಸದ್ದು ಕೇಳಿಸಿತು. ಆಗ ಹೊಳೆಯಿತು, ಬಾವುಟ ಯಾರು ತೋರಿಸಬೇಕೆಂದು ಪತ್ರದಲ್ಲಿ ಇಲ್ಲವೇ ಇಲ್ಲ! ಅವರು ಒಂದು ಹಸಿರು ಬಾವುಟ ತೆಗೆದುಕೊಂಡು ಹಳಿಯ ಬಲಗಡೆ ನಿಂತರು. ಬಿಟ್ಟುಕೊಡುವವಳು ನಾನಲ್ಲ, ಇನ್ನೊಂದು ಹಿಡಿದು ಎಡಗಡೆ ನಿಂತೆ. ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸಲು ನಿಂತವರ ಹಾಗೆ ಕಂಡಿರಬೇಕು. ಇಂಜಿನ್ನಿನ ಡ್ರೈವರು ಕಿಟಕಿಯಿಂದ ಇಣುಕಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಕೈ ಮುಗಿದು ನಗುತ್ತ ಹೋದ.

ಕೊನೆಯ ಬೋಗಿ ದಾಟಿದ ಮೇಲೆ ಅವರ ಮೀಸೆ ಅಲುಗಿತು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಎಂತ ಮಾರಾಯ್ತಿ ಇದು ನಮ್ಮ ಅವಸ್ಥೆ! ಮುಂದಿನ ರೈಲಿಗೆ ನೀ ಒಬ್ಳೇ ತೋರ್ಸು, ಅದ್ರ ಮುಂದಿಂದು ನಂದು" ಎಂದರು.

ಅಂದಿನಿಂದ ಅವರು ಅಣ್ಣ, ನಾನು ತಂಗಿ. ನನ್ನ ಡಬ್ಬಿಯ ಕಡುಬು ಅವರಿಗೆ, ಅವರ ಮನೆಯ ಮಿಡಿ ಉಪ್ಪಿನಕಾಯಿ ನನಗೆ. ರೈಲುಗಳ ನಡುವೆ ಹೊತ್ತು ಬೇಕಾದಷ್ಟಿತ್ತು. ಒಂದು ದಿನ ಅವರೇ ಶುರುಮಾಡಿದರು. "ಫೋನ್ ಮುಟ್ಟಬೇಡ. ಸುಮ್ನೆ ಕೇಳು. ಎತ್ತಿದ ಕೂಡ್ಲೇ ಮೊದ್ಲು ಗೇಟಿನ ನಂಬರ್ ಹೇಳ್ಬೇಕು. ಗೇಟು ಹಾಕಿ ಬೀಗ ಬಿದ್ದಿದ್ದು ನೋಡಿದ್ಮೇಲೇ ನಿನ್ನ ಗುಟ್ಟಿನ ನಂಬರ್ ಕೊಡ್ಬೇಕು. ಅದು ಸಿಕ್ಕಿದ್ಮೇಲೇ ಅವ್ರು ಸಿಗ್ನಲ್ ಕೊಡೋದು. ಅದಕ್ಕಿಂತ ಮೊದ್ಲು ಸ್ಟೇಷನ್ ಮಾಸ್ಟ್ರು ಗೋಗರೆದ್ರೂ ಕೊಡಂಗಿಲ್ಲ."

"ನೀವ್ಯಾಕೆ ನಂಗೆ ಹೇಳ್ಕೊಡ್ತೀರಿ ಅಣ್ಣಾ? ನಿಮ್ಮವ್ರಿಗೆ ಗೊತ್ತಾದ್ರೆ?"

"ಬೈತಾರೆ. ಬೈಲಿ. ಗೇಟು ಯಾರದ್ದಾದ್ರೂ ಆಗ್ಲಿ, ಕೂತವ್ರಿಗೆ ಕೆಲ್ಸ ಗೊತ್ತಿರ್ಬೇಕು."

ನಾನೂ ಸುಮ್ಮನಿರಲಿಲ್ಲ. ಅರ್ಧಕ್ಕೆ ಬಂದಾಗ ಮುನಿಸಿಕೊಳ್ಳುವ ಆ ಹ್ಯಾಂಡಲ್ಲನ್ನು ಹೇಗೆ ಒಲಿಸಬೇಕೆಂದು ಬರೀ ಗಾಳಿಯಲ್ಲಿ ತಿರುಗಿಸಿ ತೋರಿಸಿದೆ.

ಎರಡು ತಿಂಗಳ ಮೇಲೆ ದೊಡ್ಡ ಅಧಿಕಾರಿಯೊಬ್ಬರು ಗೇಟಿಗೇ ಬಂದರು. ಎರಡೂ ಕಡೆಯ ಮುಖಂಡರೂ ಹಾಜರು. ಸ್ಟೇಷನ್ ಕಡೆಯ ಮುಖಂಡರು, "ಇವ್ರಿಗೆ ಹ್ಯಾಂಡಲ್ ಬಿಟ್ರೆ ಏನು ಗೊತ್ತು ಸಾರ್?" ಎಂದರು. ಅಧಿಕಾರಿ ನನ್ನ ಕಡೆ ತಿರುಗಿ, "ಫೋನ್ ಕೆಟ್ಟರೆ ಏನಮ್ಮ ಮಾಡ್ತೀರಿ?" ಎಂದು ಕೇಳಿದರು. ಹೇಳಿದೆ. ಇನ್ನೊಂದು ಕೇಳಿದರು. ಅದಕ್ಕೂ ಹೇಳಿದೆ. ಗಾಡಿ ಬಡಿದು ಗೇಟು ಮುರಿದರೆ ಎಂದು ಕೇಳಿದಾಗ, ಎಷ್ಟು ದೂರ ಓಡಿಹೋಗಿ ಕೆಂಪು ಬಾವುಟ ನೆಡಬೇಕು ಎನ್ನುವುದನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

"ಯಾರು ಕಲಿಸಿದ್ದು?"

ಹಿಂದಿನಿಂದ ಗದರುವ ದನಿ ಕೇಳಿಸಿತು. "ನಾನೇ ಸಾರ್. ಬಾಯಲ್ಲಿ ಮಾತ್ರ. ಸುಮ್ನೆ ಕೂತಿರಕ್ಕೆ ನಂಗೆ ಬರಲ್ಲ."

ಅವರ ಮುಖಂಡರ ಮುಖ ಹುಳಿ ತಿಂದಂತಾಯಿತು. ಅಧಿಕಾರಿ ಮಾತ್ರ ಜೋರಾಗಿ ನಕ್ಕುಬಿಟ್ಟರು.

ತಿಂಗಳಲ್ಲಿ ಆದೇಶ ಬಂತು. ಗೇಟು ಸ್ಟೇಷನ್ನಿನ ಅಧೀನಕ್ಕೆ ಹೋಗುತ್ತದೆ. ಆದರೆ ತರಬೇತಿ ಪಡೆದು ಪರೀಕ್ಷೆ ಪಾಸಾದ ಗ್ಯಾಂಗಿನವರೂ ಅಲ್ಲಿ ಫೋನು, ಬಾವುಟ, ಹ್ಯಾಂಡಲ್ಲು ಎಲ್ಲವನ್ನೂ ನಡೆಸಬಹುದು. ಸ್ಟೇಷನ್ನಿನ ಯಾರ ಹುದ್ದೆಯೂ ಹೋಗುವುದಿಲ್ಲ. ಎರಡೂ ಕಡೆಯವರು ತಾವೇ ಗೆದ್ದೆವೆಂದು ಪಟಾಕಿ ಹೊಡೆದರು. ನಾವು ಮೂವರು ಹೆಂಗಸರೂ ಪಾಸಾದೆವು. ಅಣ್ಣ ಸ್ಟೇಷನ್ನಿಗೆ ಮರಳಿದರು.

ಒಬ್ಬಳೇ ಕೂತ ಮೊದಲ ಬೆಳಿಗ್ಗೆ ಫೋನು ರಿಂಗಾಯಿತು. ಗೇಟಿನ ನಂಬರ್ ಹೇಳಿದೆ, ಗೇಟು ಹಾಕಿದೆ, ಬೀಗ ನೋಡಿದೆ, ನನ್ನ ನಂಬರ್ ಕೊಟ್ಟೆ. ಸಿಗ್ನಲ್ ಹಸಿರಾಯಿತು. ರೈಲು ನನ್ನ ಬಾವುಟದ ಮುಂದೆ ಗಾಳಿ ಎಬ್ಬಿಸಿಕೊಂಡು ಹೋಯಿತು. ಖುಷಿ ತಡೆಯಲಾರದೆ ಮೊಬೈಲಿನಿಂದ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ರೈಲು ಹೋಯ್ತು!"

"ಭೇಷ್! ಗೇಟು ಎತ್ತಿದ್ಯಾ?"

ತಿರುಗಿ ನೋಡಿದರೆ ಗೇಟಿನಾಚೆ ಹೊಸನಗರದ ಬಸ್ಸು, ಅದರ ಹಿಂದೆ ಎರಡು ಟ್ರ್ಯಾಕ್ಟರು, ಬೈಕುಗಳ ಸಾಲು. ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ: "ಅಕ್ಕಾ, ನಾವೂ ಹೋಗ್ಬಹುದಾ?"